ಚುರಮುರಿ ಭಟ್ಟಿಯ ಗಾಳಿ

ಬೈಲಹೊಂಗಲದಲ್ಲಿ ನಾನು ಪಾಠ ಹೇಳುವ ಕಾಲೇಜಿನಿಂದ ಮನೆಗೆ ನೆಟ್ಟಗಿನ ದಾರಿಯೊಂದಿದೆ. ಆದರೂ ವಾರಕ್ಕೊಮ್ಮೆ ನನ್ನ ಸ್ಕೂಟಿ ಅಡ್ಡದಾರಿ ಹಿಡಿದು ಚುರಮುರಿ ಭಟ್ಟಿಯ ಓಣಿಗೆ ಹೋಗಿ ನಿಲ್ಲುತ್ತದೆ. ಕಾದ ಉಸುಕಿನಲ್ಲಿ ಅಕ್ಕಿ ಅರಳುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಬಲಗೈ ತಾನಾಗಿ ಮುಂದೆ ಚಾಚಿಕೊಂಡು, ಅಂಗೈ ಕೆಳಗೆ ಮಾಡಿ, ಗಾಳಿ ಎಷ್ಟು ಬಿಸಿ ಇದೆ ಎಂದು ನೋಡಲು ತಯಾರಾಗುತ್ತದೆ. ಕಳೆದ ವಾರ ಹಿಂದಿನ ಸೀಟಿನಲ್ಲಿದ್ದ ಗಣಿತದ ಮೇಡಂ ಇದನ್ನು ಕಂಡು, ಚುರಮುರಿಗೆ ಆಶೀರ್ವಾದ ಮಾಡುತ್ತಿದ್ದೀರಾ ಎಂದು ಕೇಳಿದರು. ಇದು ರೇಡಿಯೋದ ವಾಸನೆ ಮೇಡಂ ಎಂದೆ. ಅವರು ನನ್ನ ಮುಖ ಒಮ್ಮೆ ನೋಡಿ, ಮನೆಗೆ ಬೇಗ ಹೋಗೋಣ ಎಂದರು. ಅವರಿಗೆ ದಾರಿಯಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ರೇಡಿಯೋ ಇರುವುದು ಹೂಲಿಯಲ್ಲಿ, ಶಾಮಣ್ಣ ಕಾಕಾನ ಮನೆಯ ನಡುಕೋಣೆಯಲ್ಲಿ. ಕಾಕಾ ನನಗೆ ರಕ್ತಸಂಬಂಧಿಯಲ್ಲ. ನವಿಲುತೀರ್ಥದ ಅಣೆಕಟ್ಟಿನ ಕಾಲನಿಯಲ್ಲಿ ನಮ್ಮಪ್ಪ ಗುಮಾಸ್ತ, ಅವರು ವೈರ್‌ಲೆಸ್ ಆಪರೇಟರ್. ಅಣೆಕಟ್ಟಿನಲ್ಲಿ ನೀರು ಎಷ್ಟು ಏರಿತು, ಎಷ್ಟು ಬಿಟ್ಟರು ಎಂಬುದನ್ನು ಮೋರ್ಸ್ ಕೀಲಿ ಬಡಿದು ದೂರದ ಕಚೇರಿಗೆ ಕಳಿಸುವುದು ಅವರ ನೌಕರಿ. ನಾನು ಅಕ್ಷರ ಕಲಿಯುವ ಮೊದಲೇ ಆ ಕಟ್ಟ-ಕಡ ಸಪ್ಪಳವನ್ನು ಅವರ ಕಿಟಕಿಯ ಹೊರಗೆ ನಿಂತು ಕೇಳಿದವಳು. ನಿವೃತ್ತಿಯಾದ ಮೇಲೆ ಕಾಕಾ ತಮ್ಮ ಊರು ಹೂಲಿಗೆ ಹೋದರು. ಮನೆಯಿಂದಲೇ ದೂರದ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಲೈಸೆನ್ಸು ಮೊದಲಿನಿಂದ ಇತ್ತು. ಹೊಟ್ಟೆಗಾಗಿ ಮಾಡಿದ್ದನ್ನೇ ಹವ್ಯಾಸಕ್ಕಾಗಿ ಮುಂದುವರಿಸಿದರು.

ಅವರ ಮನೆತನ ಪಂಚಾಂಗದ್ದು. ಅವರ ತಂದೆ ಗ್ರಹಣದ ಸ್ಪರ್ಶ, ಮೋಕ್ಷಗಳ ಹೊತ್ತನ್ನು ಲೆಕ್ಕ ಹಾಕಿ ಊರಿಗೆಲ್ಲ ಹೇಳುತ್ತಿದ್ದರಂತೆ. ಕಾಕಾ ಜನಿವಾರ ಹಾಕಿದ್ದರು, ಸಂಧ್ಯಾವಂದನೆಯನ್ನು ಚುಟುಕಾಗಿ ಮುಗಿಸುತ್ತಿದ್ದರು, ಉಳಿದ ಭಕ್ತಿಯನ್ನೆಲ್ಲ ಬೆಸುಗೆ ಹಾಕುವುದಕ್ಕೆ ಇಟ್ಟಿದ್ದರು. ಅವರ ಹೆಂಡತಿ ಇಂದಿರಾ ಕಾಕು ಮಾತ್ರ ಎಲ್ಲ ನೇಮಗಳನ್ನೂ ಇಬ್ಬರ ಪಾಲಿಗೂ ಸೇರಿಸಿ ಪಾಲಿಸುತ್ತಿದ್ದರು.

ನಾನು ಹೇಳಹೊರಟ ಚಳಿಗಾಲಕ್ಕೆ ಎರಡು ವರ್ಷ ಮೊದಲೇ ಕಾಕಾನ ಕಿವಿ ಕೈಕೊಟ್ಟಿತ್ತು. ಮೊದಲು ದೂರದ ಸಣ್ಣ ಸ್ಟೇಶನ್ನುಗಳು ಹೋದವು, ಆಮೇಲೆ ಹತ್ತಿರದವು, ಕೊನೆಗೆ ಕಾಕು ಅಡುಗೆಮನೆಯಿಂದ ಕರೆಯುವುದೂ ಹೋಯಿತು. ಕಿವಿಗೆ ಮಿಶೀನು ಹಾಕಿದರೆ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಮೋರ್ಸ್ ತಿಳಿಯುತ್ತಿರಲಿಲ್ಲ. ಒಂದು ದಿನ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿದವರು ಮತ್ತೆ ಕೆಳಗಿಳಿಸಲಿಲ್ಲ. ಕಾಕು ವಾರಕ್ಕೊಮ್ಮೆ ಅದರ ಧೂಳು ಒರೆಸಿ ಅದೇ ಮೊಳೆಗೆ ತೂಗುಹಾಕುತ್ತಿದ್ದರು. ನನಗೆ ಪಾಠ ಹೇಳಿ, ಹ್ಯಾಮ್ ಪರೀಕ್ಷೆ ಪಾಸು ಮಾಡಿಸಿ, ಲೈಸೆನ್ಸು ಕೊಡಿಸಿದ್ದು ಆ ದಿನಗಳಲ್ಲೇ. ತಮಗೆ ಕೇಳಿಸದ್ದನ್ನು ನನಗೆ ಕಲಿಸುವಾಗ ಅವರ ಮುಖದ ಮೇಲೆ ಇರುತ್ತಿದ್ದ ಸಂಕಟ ನೋಡಲಾಗದೆ ನಾನು ವಹಿಯಲ್ಲಿ ತಲೆ ಹುದುಗಿಸುತ್ತಿದ್ದೆ.

ದೀಪಾವಳಿ ಮುಗಿದ ವಾರ ನಾಗಪುರದ ಪ್ರೊಫೆಸರ್ ಒಬ್ಬರಿಂದ ನಮ್ಮ ಹವ್ಯಾಸಿಗಳ ಗುಂಪಿಗೆ ಒಂದು ಕೋರಿಕೆ ಬಂತು. ಚಳಿಗಾಲದಲ್ಲಿ ಮುಂಜಾನೆಯ ಹೊತ್ತು ಸೂರ್ಯಗ್ರಹಣವಿದೆ. ಹಗಲಿನಲ್ಲಿ ಸೂರ್ಯನ ಬೆಳಕು ಆಕಾಶದ ಮೇಲಿನ ಪದರಗಳನ್ನು ಕೆರಳಿಸಿ ರೇಡಿಯೋ ಅಲೆಗಳನ್ನು ಅಲ್ಲೇ ಹೀರುವ ಹಾಗೆ ಮಾಡುತ್ತದೆ. ಸೂರ್ಯ ಮುಚ್ಚಿಕೊಂಡಂತೆ ಆ ಹೀರುವಿಕೆ ಕಡಿಮೆಯಾಗಿ ದೂರದ ದನಿ ಏರಬೇಕು. ಎಷ್ಟು ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಐದಾರು ಊರುಗಳಲ್ಲಿ ಕೂತು ಅಳೆಯುತ್ತಾರೆ. ಅದಕ್ಕೆ ದಕ್ಷಿಣದ ಯಾರಾದರೂ ಮೂರು ತಾಸು ತಡೆಯಿಲ್ಲದೆ, ಒಂದೇ ಬಲದಲ್ಲಿ, ಒಂದೇ ದನಿ ಕಳಿಸುತ್ತಿರಬೇಕು.

ಕಾಕಾ ಇದನ್ನು ನನ್ನ ಫೋನಿನಲ್ಲಿ ಎರಡು ಸಲ ಓದಿದರು. ಕನ್ನಡಕ ಹಣೆಗೇರಿಸಿ ಗೋಡೆಯ ಮೇಲಿದ್ದ ತಮ್ಮ ತಂದೆಯ ಫೋಟೋ ನೋಡಿದರು. ಆಮೇಲೆ, “ನನಗ ಅವರದು ಕೇಳಸೂದಿಲ್ಲ ಖರೆ. ಅವರಿಗೆ ನನ್ನದು ಕೇಳಸ್ತದಲ್ಲ?” ಎಂದರು. ಎರಡು ವರ್ಷದ ನಂತರ ಅವರ ಕಣ್ಣಲ್ಲಿ ಆ ಹೊಳಪು ಕಂಡಿತು. ಮುಂದಿನ ಇಂಥ ಗ್ರಹಣದ ಹೊತ್ತಿಗೆ ತಾವು ಇರುವುದಿಲ್ಲ ಎಂದು ಅವರು ಲೆಕ್ಕ ಹಾಕಿಯೇ ಹೇಳಿದರು. ಪಂಚಾಂಗದವರ ಮಗನ ಲೆಕ್ಕ, ವಾದ ಮಾಡಲು ಹೋಗಲಿಲ್ಲ. ಹೀಗಾಗಿ ಆ ಮೂರು ತಾಸು ಅವರ ಕೊನೆಯ ಕೆಲಸವೆಂದು ಇಬ್ಬರಿಗೂ ಗೊತ್ತಿತ್ತು.

ದನಿ ದೂರ ಹೋಗಬೇಕಾದರೆ ಸಣ್ಣ ಟ್ರಾನ್ಸ್‌ಮಿಟರಿನ ಮುಂದೆ ದೊಡ್ಡ ಆಂಪ್ಲಿಫೈಯರ್ ಬೇಕು. ಕಾಕಾನದು ಅವರೇ ಕಟ್ಟಿದ್ದು, ಗೋಧಿ ಡಬ್ಬಿಯಷ್ಟು ದೊಡ್ಡದು, ಅದರೊಳಗೆ ಒಂದೇ ಒಂದು ವಾಲ್ವ್. ಮಿಲಿಟರಿ ಗುಜರಿಯಿಂದ ಬಂದ, ಒಂದು ಗೇಣುದ್ದದ ಗಾಜಿನ ವಾಲ್ವ್. ಅದನ್ನು ಕೊಟ್ಟವರು ರಾಮದುರ್ಗದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಹಸನಸಾಬ. ಕಾಕಾನ ಮೂವತ್ತು ವರ್ಷದ ಗೆಳೆಯ. ಮಲಪ್ರಭೆ ಅವರ ಅಂಗಡಿಗೆ ನುಗ್ಗಿದ ವರ್ಷ ಅಟ್ಟದ ಮೇಲಿದ್ದ ಕಾರಣಕ್ಕೆ ಉಳಿದ ಒಂದೇ ಸಾಮಾನು ಅದು. ಹಸನಸಾಬ ಮರುವರ್ಷ ಹಾಸಿಗೆ ಹಿಡಿದಾಗ ಅದನ್ನು ಒಂದು ಹಳೆ ಸ್ವೆಟರಿನಲ್ಲಿ ಸುತ್ತಿ ಕಾಕಾನ ತೊಡೆಯ ಮೇಲಿಟ್ಟರಂತೆ. ಆ ಹಾಸಿಗೆಯಿಂದ ಅವರು ಮತ್ತೆ ಏಳಲಿಲ್ಲ. ಅಂಥ ಇನ್ನೊಂದು ಈಗ ಎಲ್ಲೂ ಸಿಗುವುದಿಲ್ಲ.

ಮಾತಾಡುವಾಗ, ಮೋರ್ಸ್ ಬಡಿಯುವಾಗ ನಡುನಡುವೆ ಬಿಡುವಿರುತ್ತದೆ. ಆ ಬಿಡುವಿನಲ್ಲಿ ವಾಲ್ವ್ ಉಸಿರಾಡುತ್ತದೆ. ಮೂರು ತಾಸು ಒಂದೇ ದನಿ ಎಂದರೆ ಬಿಡುವಿಲ್ಲ. ವಾಲ್ವಿನ ಹೊಟ್ಟೆಯಲ್ಲಿ ಪ್ಲೇಟು ಎನ್ನುವ ಒಂದು ಕಪ್ಪು ಲೋಹದ ಪೆಟ್ಟಿಗೆ ಇರುತ್ತದೆ. ಬಿಸಿ ಅಲ್ಲಿ ಕೂಡುತ್ತದೆ. ಮಿತಿ ಮೀರಿದರೆ ಅದು ಕೆಂಪಾಗುತ್ತದೆ, ಹಾಗೇ ಬಿಟ್ಟರೆ ವಾಲ್ವ್ ಸಾಯುತ್ತದೆ. ಕಾಕು ಇದನ್ನು ಒಂದೇ ಮಾತಿನಲ್ಲಿ ತಿಳಿದುಕೊಂಡರು. ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಹಾಕದೆ ಕೂತಂತೆ ಎಂದರು.

ಹಾಗಾಗಿ ಆ ಚಳಿಗಾಲವೆಲ್ಲ ನಾವು ಮಾಡಿದ್ದು ಗಾಳಿಯ ಕೆಲಸ. ಭಾನುವಾರ ಬೈಲಹೊಂಗಲದಿಂದ ಸವದತ್ತಿಗೆ ಬಸ್ಸು, ಅಲ್ಲಿಂದ ಹೂಲಿಗೆ ಟಂಟಂ. ಹೊಲಗಳಲ್ಲಿ ಹಿಂಗಾರಿ ಜೋಳ ಮೊಣಕಾಲು ದಾಟಿ ನಿಂತಿರುತ್ತಿತ್ತು, ಹಳೆ ಗುಡಿಗಳ ಕಲ್ಲಿನ ಮೇಲೆ ಮಂಜು ಆರಿರುತ್ತಿರಲಿಲ್ಲ. ನಾನು ಮನೆ ಸೇರುವಷ್ಟರಲ್ಲಿ ಕಾಕಾ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಿದ್ದರು. ಮೊದಲು ಟೇಬಲ್ ಫ್ಯಾನು ಹಚ್ಚಿ ನೋಡಿದೆವು. ಅದು ಕೋಣೆಗೆಲ್ಲ ಗಾಳಿ ಹಂಚಿ ವಾಲ್ವಿಗೆ ಏನೂ ಉಳಿಸಲಿಲ್ಲ. ಗಾಳಿ ಬುಡದಿಂದ ಏರಬೇಕು, ವಾಲ್ವನ್ನು ಸುತ್ತಿಕೊಂಡು ಮೇಲೆ ಹೋಗಬೇಕು ಎಂದು ಕಾಕಾ ಕಂದೀಲಿನ ಗ್ಲಾಸು ತಂದು ವಾಲ್ವಿನ ಸುತ್ತ ನಿಲ್ಲಿಸಿದರು. ಎರಡು ಒಡೆದವು, ಮೂರನೆಯದು ಹೊಂದಿತು. ಕೆಳಗಿನಿಂದ ಊದಲು ಒಂದು ಗಟ್ಟಿ ಬ್ಲೋವರ್ ಬೇಕಾಗಿತ್ತು. ಅದನ್ನು ಹುಡುಕಿಕೊಟ್ಟವಳು ನಾನು, ಬೈಲಹೊಂಗಲದ ಚುರಮುರಿ ಭಟ್ಟಿಯಲ್ಲಿ. ಒಲೆಗೆ ಗಾಳಿ ಊದಿ ಊದಿ ಸುಸ್ತಾಗಿ ಮೂಲೆ ಸೇರಿದ್ದ ಹಳೆಯ ಬ್ಲೋವರ್. ಕಾಕಾ ಅದರ ಬೇರಿಂಗು ಬದಲಿಸಿ, ಮೋಟರು ತೊಳೆದು, ಎಣ್ಣೆ ಬಿಟ್ಟು ಚಾಲೂ ಮಾಡಿದರು. ಕೋಣೆಯ ತುಂಬ ಚುರಮುರಿಯ ವಾಸನೆ. ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಪ್ರತಿ ಭಾನುವಾರ ಆ ವಾಸನೆಗೆ ನಮಗೆ ಹಸಿವಾಗುತ್ತಿತ್ತು, ಕಾಕು ಬೈದುಕೊಂಡೇ ಚುರಮುರಿ ನೆನೆಸಿ ಸೂಸಲ ಮಾಡಿ ಕೊಡುತ್ತಿದ್ದರು.

ಬಿಸಿ ಅಳೆಯಲು ಕಾಕಾನ ಬಳಿ ಇದ್ದ ಉಪಕರಣ ಅವರ ಅಂಗೈ. ಆಂಪ್ಲಿಫೈಯರಿನ ಮೇಲಿನ ಜಾಳಿಗೆಯಿಂದ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ಎಣಿಸುತ್ತಿದ್ದರು. ಇಪ್ಪತ್ತರವರೆಗೆ ತಡೆದರೆ ವಾಲ್ವ್ ಸುಖವಾಗಿದೆ, ಹತ್ತಕ್ಕೆ ಕೈ ತೆಗೆಯಬೇಕಾದರೆ ಕಷ್ಟದಲ್ಲಿದೆ. ನನಗೂ ಅದನ್ನೇ ಕಲಿಸಿದರು. ಕೊನೆಯ ಭಾನುವಾರ ಮುಂಜಾನೆ ಎಂಟರಿಂದ ಹನ್ನೊಂದರವರೆಗೆ ಪೂರ್ತಿ ತಾಲೀಮು ಮಾಡಿದೆವು. ಉದ್ದಕ್ಕೂ ಅಂಗೈ ಇಪ್ಪತ್ತು ಎಣಿಸಿತು.

ಕಾಕಾನ ವಹಿಯ ಬಗ್ಗೆಯೂ ಹೇಳಬೇಕು. ನೌಕರಿಯ ಕಾಲದಿಂದ ಅವರದು ಒಂದೇ ಶಿಸ್ತು. ಸ್ಕೇಲಿಟ್ಟು ಗೀಟು ಎಳೆದ ಕಾಲಂಗಳು: ಹೊತ್ತು, ಏನು ಮುಟ್ಟಿದ್ದು, ಕಾರಣ. ಯಾವ ಗುಂಡಿ ತಿರುಗಿಸಿದರೂ ಅಲ್ಲಿ ಬರೆಯಬೇಕು, ಮುಟ್ಟಿದವರೇ ಬರೆಯಬೇಕು. ಇನ್ನೊಂದು ಅವರ ಅಂಗಿ ಜೇಬಿನ ಸಾಮಾನು. ಸೋಪಿನ ಡಬ್ಬಿಯಲ್ಲಿ ಒಂದು ಸೂಜಿ ಮೀಟರು ಕೂಡಿಸಿ, ಬೆರಳುದ್ದದ ತಂತಿ ಚುಚ್ಚಿದ್ದು. ನಮ್ಮ ರೇಡಿಯೋ ಎಷ್ಟು ಬಲದಲ್ಲಿ ಅಲೆ ಬಿಡುತ್ತಿದೆ ಎಂಬುದನ್ನು ಅದು ಮನೆಯ ಹೊರಗೂ ತೋರಿಸುತ್ತಿತ್ತು. ಏರಿಯಲ್ ತಂತಿ ಸರಿಮಾಡಲು ಹಿತ್ತಲಿಗೆ ಹೋದಾಗ ಕಾಕಾ ಅದನ್ನು ನೋಡಿಕೊಳ್ಳುತ್ತಿದ್ದರು.

ಗ್ರಹಣದ ದಿನ ನಾನು ಹಿಂದಿನ ಸಂಜೆಯೇ ಬಂದು ಅಲ್ಲೇ ಇದ್ದೆ. ಬೆಳಿಗ್ಗೆ ಏಳಕ್ಕೆಲ್ಲ ಕಾಕು ಮನೆಯ ಉಪ್ಪಿನಕಾಯಿ ಭರಣಿ, ಹಾಲು, ಮೊಸರು, ನೀರಿನ ಕೊಡ ಎಲ್ಲದರಲ್ಲೂ ದರ್ಭೆಯ ಎಳೆ ಹಾಕಿ ಮುಗಿಸಿದ್ದರು. ನಾವು ಬ್ಲೋವರ್ ಚಾಲೂ ಮಾಡಿದಾಗ ಅದು ಟಿಕ್ ಟಿಕ್ ಟಿಕ್ ಎನ್ನತೊಡಗಿತು. ಕಾಕಾಗೆ ಅದು ಕೇಳಿಸುವಂತಿಲ್ಲ, ಎಲ್ಲ ಸರಿ ಇದೆ ಎಂದು ಅವರು ವಾಚು ನೋಡುತ್ತಿದ್ದರು. ನಾನು ಬಂದ್ ಮಾಡಿ ಅದರ ಬಾಯಿಯೊಳಗೆ ಬೆರಳು ಹಾಕಿದರೆ ಒಂದು ಉದ್ದನೆಯ ದರ್ಭೆ ಎಳೆ ಬಂತು, ರೆಕ್ಕೆಗೆ ಸುತ್ತಿಕೊಂಡಿತ್ತು. ಕಾಕುನ ಕಡೆ ನೋಡಿದೆ. ಅವರು ಸ್ವಲ್ಪವೂ ನಾಚಲಿಲ್ಲ.

“ತಿನ್ನೂದು ಕುಡಿಯೂದು ಎಲ್ಲಾದ್ರಾಗೂ ಹಾಕೇನಿ. ಅದೂ ಗಾಳಿ ಕುಡೀತದಲ್ಲ” ಎಂದರು.

ಎಳೆಯನ್ನು ಬ್ಲೋವರಿನ ತಲೆಯ ಮೇಲೆ ಇಟ್ಟು ರಾಜಿ ಮಾಡಿಕೊಂಡೆವು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಕಾಕಾ ಕೈಮುಗಿದು ಸ್ವಿಚ್ಚು ಒತ್ತಿದರು. ಹತ್ತು ನಿಮಿಷಕ್ಕೊಮ್ಮೆ ನಮ್ಮ ಸ್ಟೇಶನ್ನಿನ ಕರೆಹೆಸರನ್ನು ಮೋರ್ಸ್‌ನಲ್ಲಿ ಬಡಿಯುವುದು ನನ್ನ ಪಾಲು, ತಾವು ಬಡಿದದ್ದು ತಮಗೇ ಕೇಳಿಸದೆ ಅವರು ತಪ್ಪುತ್ತಿದ್ದರು. ಅಂಗೈ ಅವರ ಪಾಲು. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಟ್ರಾನ್ಸ್‌ಮಿಟರಿನ ಮೇಲೆ ಆಂಪ್ಲಿಫೈಯರಿಗೆ ಎಷ್ಟು ಬಲ ಊಡಿಸಬೇಕು ಎನ್ನುವ ಡ್ರೈವ್ ಗುಂಡಿ ಇತ್ತು. ಅದರ ಎದುರು ಪೆನ್ಸಿಲಿನಲ್ಲಿ ಗುರುತು ಮಾಡಿ, ಇದು ಮೂರು ತಾಸು ಅಲ್ಲಾಡಬಾರದು ಎಂದು ನನಗೆ ಬೆರಳು ತೋರಿಸಿ ಹೇಳಿದರು.

ಎಂಟೂವರೆಗೆ ಅವರ ಅಂಗೈ ಹದಿನಾರು ಎಣಿಸಿತು. ಒಂಬತ್ತಕ್ಕೆ ಹನ್ನೊಂದು. ನಾನು ಜಾಳಿಗೆಯ ಸಂದಿಯಿಂದ ಇಣುಕಿದೆ, ಪ್ಲೇಟು ಇನ್ನೂ ಕಪ್ಪಗಿತ್ತು. ಹೊರಗೆ ಬಿಸಿಲು ಬಣ್ಣ ಕಳೆದುಕೊಳ್ಳುತ್ತಿತ್ತು. ಬೇವಿನ ಗಿಡದ ಕೆಳಗೆ ಎಲೆಗಳ ನಡುವಿನಿಂದ ಬಿದ್ದ ಬೆಳಕೆಲ್ಲ ಸಣ್ಣ ಸಣ್ಣ ಕುಡುಗೋಲಿನಂತೆ ಬಾಗಿತ್ತು. ಒಂಬತ್ತೂಕಾಲಿಗೆ ಅಂಗೈ ಎಂಟಕ್ಕೆ ಸರಿಯಿತು. ಕಾಕಾ ಎದ್ದು ಗೋಡೆಯ ವೋಲ್ಟ್ ಮೀಟರು ನೋಡಿದರು. ದಿನಾ ಇನ್ನೂರ ಹತ್ತರಲ್ಲಿ ನಿಲ್ಲುತ್ತಿದ್ದ ಸೂಜಿ ಇನ್ನೂರ ಐವತ್ತರ ಹತ್ತಿರ ಇತ್ತು. ನನ್ನನ್ನು ಕೇಳಿದರು, “ಗಿರಣಿ ಸಪ್ಪಳ ಬರ್ಲಿಕತ್ತದೇನು?”

ಕಿವಿಗೊಟ್ಟೆ. ಇರಲಿಲ್ಲ. ನಾಲ್ಕು ಮನೆ ಆಚೆ ಮಿಲಿಂದನ ಹಿಟ್ಟಿನ ಗಿರಣಿ. ಪ್ರತಿದಿನ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಗುಡುಗುಡು ಎನ್ನುವ ಅದರ ಸಪ್ಪಳ ನಮ್ಮ ತಾಲೀಮಿನ ಎಲ್ಲ ಭಾನುವಾರಗಳಲ್ಲೂ ಇತ್ತು. ಇವತ್ತು ಗ್ರಹಣ. ಹಿಟ್ಟು ಬೀಸಿಸಲು ಯಾರೂ ಹೋಗುವುದಿಲ್ಲ, ಹೊಲದ ಪಂಪು ಯಾರೂ ಚಾಲೂ ಮಾಡುವುದಿಲ್ಲ. ಊರೆಲ್ಲ ಸುಮ್ಮನಿದ್ದುದರಿಂದ ಕರೆಂಟೆಲ್ಲ ನಮ್ಮ ಮನೆಗೇ ಏರಿ ಬಂದು ವಾಲ್ವನ್ನು ಬೇಯಿಸುತ್ತಿತ್ತು. ಗ್ರಹಣಕ್ಕಾಗಿ ಒಂದೂವರೆ ತಿಂಗಳು ತಯಾರಿ ಮಾಡಿದ ನಮಗೆ ಗ್ರಹಣದ ದಿನ ಗಿರಣಿ ಬಂದ್ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಅದೂ ಪಂಚಾಂಗದವರ ಮನೆಯಲ್ಲಿ. ಸ್ಟೆಬಿಲೈಸರ್ ಹಾಕಿದರೆ ಅದು ಕಟಕ್ಕೆಂದು ಬದಲಿಸಿದಾಗಲೆಲ್ಲ ದನಿ ಜಿಗಿಯುತ್ತದೆ ಎಂದು ನಾವೇ ಅದನ್ನು ತೆಗೆದಿಟ್ಟಿದ್ದೆವು.

ಮಿಲಿಂದನಿಗೆ ಫೋನು ಮಾಡಿದೆ. ಎರಡು ಸಲ ಮಾಡಿದರೂ ಎತ್ತಲಿಲ್ಲ. ಕಾಕಾ ಚಪ್ಪಲಿ ಮೆಟ್ಟಿದರು. ಗ್ರಹಣದಲ್ಲಿ ಹೊರಗೆ ಕಾಲಿಡಬೇಡಿ ಎಂದು ಕಾಕು ಬಾಗಿಲಿಗೆ ಅಡ್ಡ ಬಂದರು. ಕಾಕಾ ತಮಗೆ ಕೇಳಿಸಲಿಲ್ಲ ಎಂಬಂತೆ ಪಕ್ಕದಿಂದ ಹಾದುಹೋದರು. ಆ ಒಂದು ಸಲ ನಿಜಕ್ಕೂ ಕೇಳಿಸಿತ್ತು ಎಂದು ನನ್ನ ಅನುಮಾನ. ಹೋಗುವಾಗ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ: “ದನಿ ಕಡೀಬಾರದು. ಗುಂಡಿ ಮುಟ್ಟಬ್ಯಾಡ.”

ನಾನು ಒಬ್ಬಳೇ ಉಳಿದೆ. ಕೋಣೆಯಲ್ಲಿ ಬೆಳಕು ಮಂದವಾಗಿತ್ತು, ಅದಕ್ಕೇ ಅದು ಅಷ್ಟು ಚೆನ್ನಾಗಿ ಕಂಡಿತು. ಪ್ಲೇಟಿನ ನಡುವೆ ಮೊದಲು ಒಂದು ಮಂಕು ಕೆಂಪು. ನೋಡನೋಡುತ್ತ ಅದು ಅಗಲವಾಯಿತು. ಅಂಗೈ ಹಿಡಿದೆ, ಐದಕ್ಕೆ ತೆಗೆದೆ. ಬ್ಲೋವರ್ ತನ್ನ ಶಕ್ತಿಯಿದ್ದಷ್ಟು ಊದುತ್ತಿತ್ತು. ಸ್ವೆಟರಿನಲ್ಲಿ ಸುತ್ತಿ ಕೊಟ್ಟ ವಾಲ್ವ್, ನದಿಯಿಂದ ಉಳಿದು ಬಂದದ್ದು, ಈಗ ನನ್ನ ಕಣ್ಣೆದುರು ಹೋಗುತ್ತದೆ ಎನಿಸಿತು. ವಾಲ್ವ್ ಹೋದರೆ ದನಿಯೂ ಹೋಗುತ್ತದೆ, ಕಾಕಾನ ಮೂರು ತಾಸೂ ಹೋಗುತ್ತದೆ. ಗಡಿಯಾರ ಒಂಬತ್ತು ಮೂವತ್ತೊಂದು ತೋರಿಸುತ್ತಿತ್ತು. ಗ್ರಹಣದ ನಟ್ಟನಡುವಿಗೆ ಮೂರೇ ನಿಮಿಷ. ನಾನು ಡ್ರೈವ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದೆ.

ಕೆಂಪು ನಿಧಾನವಾಗಿ ಆರಿತು. ನಾನು ಗೋಡೆಗೆ ಒರಗಿ ನಿಂತೆ. ಏಳು ನಿಮಿಷ ಕಳೆದಿರಬೇಕು, ದೂರದಲ್ಲಿ ಗುಡುಗುಡು ಎಂದಿತು. ಗೋಡೆಯ ಸೂಜಿ ಇಳಿಯಿತು, ಇನ್ನೂರ ಹದಿನೈದಕ್ಕೆ ಬಂದು ನಿಂತಿತು. ಗುಂಡಿಯನ್ನು ಮತ್ತೆ ಪೆನ್ಸಿಲ್ ಗುರುತಿಗೆ ತಂದೆ. ವಹಿ ಎದುರಿಗೇ ತೆರೆದಿತ್ತು, ಪೆನ್ಸಿಲ್ ಅದರ ಮೇಲೇ ಇತ್ತು. ಬರೆಯಲಿಲ್ಲ. ಮುಟ್ಟಬೇಡ ಎಂದದ್ದನ್ನು ಮುಟ್ಟಿದೆ ಎಂದು ಅವರ ವಹಿಯಲ್ಲಿ, ಅವರ ಕೊನೆಯ ಕೆಲಸದ ಪುಟದಲ್ಲಿ ಬರೆಯಲು ಕೈ ಏಳಲಿಲ್ಲ. ಏಳೇ ನಿಮಿಷ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಭೌತಶಾಸ್ತ್ರ ಕಲಿಸುವವಳು ಹಾಗೆ ಅಂದುಕೊಂಡೆ.

ಗಿರಣಿಯಲ್ಲಿ ನಡೆದದ್ದನ್ನು ಆಮೇಲೆ ಮಿಲಿಂದ ಹೇಳಿದ. ಅವರದು ಬೌದ್ಧ ಮನೆತನ, ಗಿರಣಿಯ ಸ್ಟಾರ್ಟರಿನ ಮೇಲೆ ಬುದ್ಧನ ಫೋಟೋ ಇದೆ. ಕಾಕಾ ಹೋದಾಗ ಅವನು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದ. ಗ್ರಹಣದಲ್ಲಿ ಗಿರಣಿ ಚಾಲೂ ಮಾಡುತ್ತೀಯಾ ಎಂದು ಕಾಕಾ ಹಿಂಜರಿಯುತ್ತ ಕೇಳಿದರಂತೆ. “ನಮಗ ಗ್ರಹಣ ಇಲ್ರಿ ಕಾಕಾರ, ಗಿರಾಕಿಗೆ ಐತಿ” ಎಂದು ಅವನು ಎದ್ದ. ಬರಿದೇ ತಿರುಗಿಸಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ. ಅದಕ್ಕೆ ತನ್ನ ಮನೆಯ ಜೋಳದ ಚೀಲವನ್ನೇ ಸುರಿದ. ಹನ್ನೊಂದರವರೆಗೆ ಸಾವಕಾಶ ಬೀಸಿದ. ವಾರಕ್ಕಾಗುವ ಹಿಟ್ಟು ಒಂದೇ ಮುಂಜಾನೆ ಆಯಿತೆಂದು ಅವನ ಹೆಂಡತಿ ಬೈದಳಂತೆ.

ಕಾಕಾ ತಲೆಯ ತುಂಬ ಹಿಟ್ಟಿನ ಧೂಳು ಹೊತ್ತು ಬಂದರು. ಜಾಳಿಗೆಯ ಮೇಲೆ ಅಂಗೈ ಹಿಡಿದರು, ಹದಿನಾಲ್ಕು ಎಣಿಸಿದರು. ವಹಿ ನೋಡಿದರು, ನನ್ನನ್ನು ನೋಡಿದರು. ಹನ್ನೊಂದೂ ಹತ್ತಕ್ಕೆ ಸ್ವಿಚ್ಚು ತೆಗೆದಾಗ ನಾನು ಚಪ್ಪಾಳೆ ತಟ್ಟಿದೆ. ಅವರು ಬ್ಲೋವರನ್ನು ಮಾತ್ರ ಇನ್ನೂ ಕಾಲು ತಾಸು ಓಡಲು ಬಿಟ್ಟು ಪಕ್ಕದಲ್ಲೇ ಕೂತರು. ಕಾಕು ಎಲ್ಲರಿಗೂ ಸ್ನಾನ ಮಾಡಿಸಿದರು. ಮಿಲಿಂದ ಬಿಸಿ ಬಿಸಿ ಹಿಟ್ಟಿನ ಪುಟ್ಟಿ ತಂದಾಗ ಗ್ರಹಣದಲ್ಲಿ ಬೀಸಿದ ಹಿಟ್ಟೆಂದು ಕಾಕು ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋಗಿ ಒಂದು ದರ್ಭೆ ಎಳೆ ತಂದು ಹಿಟ್ಟಿನಲ್ಲಿ ಚುಚ್ಚಿ, ರೊಟ್ಟಿ ಬಡಿಯಲು ಕೂತರು. ಅವತ್ತಿನ ರೊಟ್ಟಿಯಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ ಎನ್ನಬಹುದಿತ್ತು, ಆದರೆ ನನಗೆ ತುತ್ತು ಇಳಿಯಲಿಲ್ಲ.

ನಾಲ್ಕನೆಯ ದಿನ ನಾಗಪುರದಿಂದ ಗ್ರಾಫು ಬಂತು. ದನಿ ಗ್ರಹಣದ ಜೊತೆ ಚೆಂದವಾಗಿ ಏರಿತ್ತು, ಚೆಂದವಾಗಿ ಇಳಿದಿತ್ತು. ನಟ್ಟನಡುವೆ ಮಾತ್ರ ಕತ್ತರಿಯಿಂದ ಕತ್ತರಿಸಿದ ಹಾಗೆ ಒಂದು ತಗ್ಗು. ಐದೂ ಊರಿನವರ ಗ್ರಾಫಿನಲ್ಲೂ ಅದೇ ತಗ್ಗು. ಪ್ರೊಫೆಸರರ ಸಂಭ್ರಮ ಹೇಳತೀರದು. ಗ್ರಹಣದ ತುದಿಯಲ್ಲಿ ಆಕಾಶ ಹೀಗೆ ನಡೆದುಕೊಂಡದ್ದನ್ನು ಯಾರೂ ಕಂಡಿಲ್ಲ, ಲೇಖನ ಬರೆಯುತ್ತೇನೆ, ಶಾಮಣ್ಣನವರ ಹೆಸರು ಮೊದಲಿರುತ್ತದೆ, ನಿಮ್ಮದೂ ಇರುತ್ತದೆ ಎಂದು ಬರೆದಿದ್ದರು. ಅದನ್ನು ಕಾಕಾಗೆ ಕಳಿಸಿದೆ. ಕಾಕುನ ಫೋನಿನಿಂದ “ನೋಡಿದೆ” ಎಂದಷ್ಟೇ ಉತ್ತರ ಬಂತು.

ಎರಡು ಭಾನುವಾರ ನಾನು ಹೂಲಿಗೆ ಹೋಗಲಿಲ್ಲ. ಪೇಪರ್ ತಿದ್ದುವುದಿದೆ ಎಂದೆ, ನೆಗಡಿ ಎಂದೆ. ತರಗತಿಯಲ್ಲಿ ಪ್ರಯೋಗದ ದಾಖಲೆ ಹೇಗೆ ಬರೆಯಬೇಕೆಂದು ಮಕ್ಕಳಿಗೆ ಹೇಳಬೇಕಾದಾಗ ಬೋರ್ಡಿನ ಕಡೆ ತಿರುಗಿ ಹೇಳಿದೆ. ಮೂರನೆಯ ಭಾನುವಾರ ಬಸ್ಸು ಹತ್ತಿದೆ.

ಕಾಕಾ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ನಾನು ಮೆಲ್ಲಗೆ ಹೇಳಿದೆ. ಅವರು ಕಿವಿಯ ಹಿಂದೆ ಕೈ ಇಟ್ಟು, ಏನಂದಿ ಎಂದರು. ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಮಿಲಿಂದನ ಗಿರಣಿ ಬೇರೆ ಗುಡುಗುಡು ಎನ್ನುತ್ತಿತ್ತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳಬೇಕಾದ ಪಾಡು ಯಾರಿಗೂ ಬೇಡ.

“ಕಾಕಾ, ಡ್ರೈವ್ ನಾನ ಇಳಿಸಿದೆ! ಬರೀಲಿಲ್ಲ!”

ಎದುರು ಮನೆಯವರು ಬಾಗಿಲಿಗೆ ಬಂದರು. ಕಾಕು ಅಡುಗೆಮನೆಯಿಂದ ಇಣುಕಿದರು. ಕಾಕಾ ಎದ್ದು ಒಳಗೆ ಹೋಗಿ ವಹಿ ತಂದು ಆ ದಿನದ ಪುಟ ತೆರೆದು ನನ್ನ ತೊಡೆಯ ಮೇಲಿಟ್ಟರು. ಅವರ ಸಣ್ಣ ಅಕ್ಷರದಲ್ಲಿ ಪೆನ್ಸಿಲಿನ ಎರಡು ಸಾಲು. ಒಂಬತ್ತು ಮೂವತ್ತೊಂದು, ಇಪ್ಪತ್ತು ಸೆಕೆಂಡು, ಬಲ ಅರ್ಧಕ್ಕೆ. ಒಂಬತ್ತು ಮೂವತ್ತೆಂಟು, ಐದು ಸೆಕೆಂಡು, ಬಲ ಮೊದಲಿನಂತೆ. ಕಾರಣದ ಕಾಲಂ ಖಾಲಿ.

ಅಂಗಿಯ ಜೇಬಿನಿಂದ ಸೋಪಿನ ಡಬ್ಬಿ ತೆಗೆದು ತೋರಿಸಿದರು. ಗಿರಣಿಗೆ ಹೋಗುವಾಗ ದನಿ ಕಡಿದರೆ ತಿಳಿಯಲೆಂದು ಅದನ್ನು ಕೈಯಲ್ಲೇ ಹಿಡಿದಿದ್ದರಂತೆ, ಸೂಜಿ ಬಿದ್ದ, ಎದ್ದ ಹೊತ್ತನ್ನು ವಾಚು ನೋಡಿ ಗುರುತಿಟ್ಟುಕೊಂಡಿದ್ದರಂತೆ. ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸೂಜಿ ತೋರಿಸಿದ್ದನ್ನು ಬರೆದೆ, ಕಾರಣವನ್ನು ಮುಟ್ಟಿದವರೇ ಬರೆಯಬೇಕಲ್ಲವೇ, ನಾನು ಮುಟ್ಟಿಲ್ಲ ಎಂದರು. ಪ್ರೊಫೆಸರರಿಗೆ ಮಾತ್ರ, ಒಂದು ಮಾಹಿತಿ ಬರುವುದಿದೆ, ಅಲ್ಲಿಯವರೆಗೆ ಲೇಖನ ತಡೆಯಿರಿ ಎಂದು ಕಾಕುನ ಕೈಯಲ್ಲಿ ಬರೆಸಿ ಕಳಿಸಿದ್ದರು. ನಾನು ಬಂದೇ ಬರುತ್ತೇನೆ ಎಂದು ಎರಡು ವಾರ ನಂಬಿ ಕೂತಿದ್ದರು.

ಪೆನ್ಸಿಲ್ ಹಿಡಿದೆ. ವಾಲ್ವ್ ಹೋದೀತೆಂದು ಅಂಜಿ ಇಳಿಸಿದೆ ಎಂದು ಬರೆದೆ. ಕಾಕಾ ಕನ್ನಡಕ ಏರಿಸಿ ಓದಿದರು. ಪೆನ್ಸಿಲ್ ಇಸಿದುಕೊಂಡು ಒಂದು ಪದದ ಮೇಲೆ ಗೀಟು ಎಳೆದರು.

“ಪ್ಲೇಟ್ ಕೆಂಪಾಗಿತ್ತು ಅಂತ ಬರಿ. ಅಂಜಿಕಿಗೆ ಈ ವಹಿಯೊಳಗ ಕಾಲಂ ಇಲ್ಲ.”

ಬರೆದೆ. ಅವರು ಆ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು.

“ಸೂಜಿ ಬಿತ್ತು ನೋಡು, ಹಸನಸಾಬ ಇನ್ನೊಂದ್ ಸರ್ತಿ ಹೋದ ಅಂತ ತಿಳದೆ. ಅರ್ಧಕ್ಕ ಬಂದು ನಿಂತಿತು. ಆಗ ತಿಳೀತು ನೀನ ಇಳಿಸೀದಿ ಅಂತ. ಅಂಜಿಕಿಗೆ ಕಾಲಂ ಇದ್ದಿದ್ರ ಆ ಹೊತ್ತಿಗೆ ನಾನೂ ಬರೀತಿದ್ದೆ.”

ಪುಟದ ಫೋಟೋ ತೆಗೆದು ಅಲ್ಲಿಂದಲೇ ನಾಗಪುರಕ್ಕೆ ಕಳಿಸಿದೆವು. ಪ್ರೊಫೆಸರರಿಗೆ ಮೊದಲು ನಿರಾಸೆಯಾಗಿರಬೇಕು, ಎರಡು ದಿನ ಸದ್ದಿರಲಿಲ್ಲ. ಆಮೇಲೆ ಹೊಸ ಗ್ರಾಫು ಬಂತು. ಸೆಕೆಂಡಿನ ಲೆಕ್ಕ ಇದ್ದುದರಿಂದ ಇಳಿದಷ್ಟು ಬಲವನ್ನು ಕೂಡಿಸಿ ಆ ಏಳು ನಿಮಿಷವನ್ನು ಸರಿಮಾಡಿದ್ದರು. ತಗ್ಗು ಮುಚ್ಚಿ, ಗೆರೆ ಈ ತುದಿಯಿಂದ ಆ ತುದಿಯವರೆಗೆ ಕಡಿಯದೆ ಹೋಗಿತ್ತು. ಕಾಕಾ ಅದನ್ನು ಸವದತ್ತಿಯಲ್ಲಿ ಪ್ರಿಂಟು ಹಾಕಿಸಿ ತಂದೆಯ ಫೋಟೋದ ಪಕ್ಕ ಅಂಟಿಸಿದ್ದಾರೆ.

ಈಗ ಅವರಿಗೆ ಮಿಶೀನು ಹಾಕಿದರೂ ಏನೂ ಕೇಳಿಸುವುದಿಲ್ಲ. ವಾಲ್ವ್ ಬದುಕಿದೆ. ಭಾನುವಾರ ನಾನು ಬಡಿಯುತ್ತೇನೆ, ಅವರು ಅಂಗೈ ಹಿಡಿದು ಎಣಿಸುತ್ತಾರೆ, ಕೋಣೆಯ ತುಂಬ ಚುರಮುರಿಯ ವಾಸನೆ. ಕಳೆದ ಯುಗಾದಿಗೆ ಹಳೆಯ ವಹಿ ತುಂಬಿ ಹೊಸದಕ್ಕೆ ಕಾಕಾ ಗೀಟು ಎಳೆದರು. ಹೊತ್ತು, ಏನು ಮುಟ್ಟಿದ್ದು, ಕಾರಣ, ಮತ್ತು ಅಂಚಿನಲ್ಲಿ ಬೆರಳಗಲದ ಇನ್ನೊಂದು ಕಾಲಂ. ಅದರ ತಲೆಗೆ ಹೆಸರು ಬರೆದಿಲ್ಲ, ಯಾಕೆಂದು ನಾನೂ ಕೇಳಿಲ್ಲ. ಇಲ್ಲಿಯವರೆಗೆ ಅದರಲ್ಲಿ ನನ್ನದು ಎರಡು ಸಾಲು, ಕಾಕಾನದು ಐದು.